ಸಿಗಡಿ ಶೆಡ್ಡಿನಲ್ಲಿ ಅಮೆರಿಕದ ವೇಷ

ಸತ್ತವರನ್ನು ಬಹುವಚನದಲ್ಲಿ ಹೇಳಬೇಕು ಎನ್ನುತ್ತಾರೆ. ನನಗೆ ಅದು ಆಗುವುದಿಲ್ಲ. ಅವನು ನನಗಿಂತ ಐದು ವರ್ಷ ಚಿಕ್ಕವನು, ಬದುಕಿದ್ದಷ್ಟು ದಿನವೂ ನಾನು ಏಕವಚನದಲ್ಲೇ ಕರೆದವಳು. ಸತ್ತ ಕೂಡಲೇ ಅವನು ದೊಡ್ಡವನಾಗಲಿಲ್ಲ. ಹೆಸರು ಮಾತ್ರ ಬರೆಯುವುದಿಲ್ಲ. ಅವನ ಹೆಂಡತಿ ಕರ್ಕಿಯಲ್ಲಿದ್ದಾಳೆ, ಅವಳು ನನಗೆ ಏನೂ ಕೆಟ್ಟದ್ದು ಮಾಡಿದವಳಲ್ಲ.

ಹೊನ್ನಾವರದ ಹೊಳೆಬದಿಯಲ್ಲಿ ನಾವು ಸಿಗಡಿ ಸುಲಿಯುತ್ತಿದ್ದ ಶೆಡ್ಡು. ಎದುರಿನ ಓಣಿಯಲ್ಲಿ ಅವನ ಮೊಬೈಲ್ ರಿಪೇರಿ ಅಂಗಡಿ. ಮೊದಲು ಅಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ, ಆಮೇಲೆ ಟೀವಿ, ಆಮೇಲೆ ಫೋನು. ಸಣಕಲು ಮನುಷ್ಯ. ಕನ್ನಡಕದ ಒಂದು ಕಾಲು ಮುರಿದಿತ್ತು, ದಾರ ಕಟ್ಟಿ ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಊರಿನವರ ಫೋನೆಲ್ಲ ಸರಿಮಾಡುವವನಿಗೆ ತನ್ನ ಕನ್ನಡಕ ಸರಿಮಾಡಿಕೊಳ್ಳಲು ಪುರುಸೊತ್ತಿರಲಿಲ್ಲ. ಬಲಗೈ ಹೆಬ್ಬೆರಳಿನ ಉಗುರನ್ನು ಉದ್ದ ಬಿಟ್ಟಿದ್ದ, ಫೋನಿನ ಬೆನ್ನು ಬಿಡಿಸುವುದಕ್ಕೆ. ಹನ್ನೊಂದು ಗಂಟೆಗೆ ನಮಗೆ ಚಹಾ ಬರುವ ಹೊತ್ತಿಗೆ ಸರಿಯಾಗಿ ಬಗಲಲ್ಲಿ ಪೇಪರು ಇಟ್ಟುಕೊಂಡು ಬರುತ್ತಿದ್ದ. ಚಹಾ ನಮ್ಮದು, ಸುದ್ದಿ ಅವನದು.

ಸುದ್ದಿ ಅಂದರೆ ನಮ್ಮ ಪಂಚಾಯತಿಯದ್ದಲ್ಲ. ಅಮೆರಿಕದ್ದು. ನಾವು ತಲೆ ಮುರಿದು ಸಿಪ್ಪೆ ತೆಗೆದ ಸಿಗಡಿ ಅಲ್ಲಿಗೇ ಹೋಗುತ್ತಿತ್ತು. ಮೂವತ್ತು ವರ್ಷ ಸುಲಿದವಳಿಗೆ ಅದು ಎಲ್ಲಿಗೆ ಹೋಗುತ್ತದೆ, ಯಾರು ತಿನ್ನುತ್ತಾರೆ ಎಂದು ಹೇಳಿದವನು ಅವನೊಬ್ಬನೇ.

"ಅಕ್ಕ, ನೀ ಸುಲಿದದ್ದನ್ನ ಅಲ್ಲಿಯವ್ರು ಗಾಜಿನ ಬಟ್ಟಲದ ಅಂಚಿಗೆ ಸುತ್ತ ನೇತು ಹಾಕಿ ಇಡ್ತ್ರು."

"ಎಂತಕ್ಕೆ? ಬಟ್ಟಲದ ಒಳಗೆ ಜಾಗ ಇಲ್ವಾ?"

"ಒಳಗೆ ಕೆಂಪು ಚಟ್ನಿ ಇರ್ತದೆ. ಬಾಲ ಹಿಡ್ಕಂಡು ಅದ್ದಿ ತಿನ್ನುದು."

"ಅಯ್ಯ, ಬಾಲ ಹಾಗೇ ಬಿಡಿ ಅಂತ ಸಾವ್ಕಾರ್ರು ದಿನಾ ಕೂಗುದು ಅದ್ಕೇ ಅಂತಾತು" ಎಂದಳು ನನ್ನ ಪಕ್ಕದ ನಾಗಮ್ಮ. ಶೆಡ್ಡಿನ ಯಜಮಾನನನ್ನು ನಾವೆಲ್ಲ ಸಾವ್ಕಾರ್ರು ಅನ್ನುವುದು.

ಯಕ್ಷಗಾನದವರ ಊರು ಕರ್ಕಿಯಲ್ಲಿ ಹುಟ್ಟಿದವನಾದ್ದರಿಂದ ಅವನ ತಲೆಯಲ್ಲಿ ತಾಳಮದ್ದಲೆ ತುಂಬಿಕೊಂಡಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಕೂತಲ್ಲಿಯೇ ಒಬ್ಬ ಒಂದು ಪಾತ್ರವಾಗಿ, ಎದುರಿನವ ಇನ್ನೊಂದು ಪಾತ್ರವಾಗಿ ಮಾತಿಗೆ ಮಾತು ಕೊಡುವುದು. ಅದಕ್ಕೊಂದು ಮರ್ಯಾದೆ ಇದೆ. ಕೂತಾಗ ಆಡಿದ್ದು ಪಾತ್ರದ ಮಾತು, ಎದ್ದ ಮೇಲೆ ಅದನ್ನು ಯಾರೂ ಹಿಡಿದುಕೊಳ್ಳಬಾರದು. ಎದುರು ಪಾತ್ರದವನನ್ನು ವಂಶ ಹಿಡಿದು ಬೈದವನು ಆಟ ಮುಗಿದ ಮೇಲೆ ಅವನದೇ ಸೈಕಲ್ಲಿನ ಹಿಂದೆ ಕೂತು ಮನೆಗೆ ಹೋಗುತ್ತಾನೆ. ನಮ್ಮ ಕಡೆ ಹುಟ್ಟಿದ ಮಕ್ಕಳಿಗೂ ಇದು ಗೊತ್ತು.

ಇವನು ಮೀನಿನ ಕ್ರೇಟು ಬೋರಲು ಹಾಕಿ ಕೂತು, ಹೆಗಲ ಟವೆಲನ್ನು ಶಲ್ಯದ ಹಾಗೆ ಎಳೆದುಕೊಂಡು ಅಮೆರಿಕದ ಅಧ್ಯಕ್ಷನಾಗುತ್ತಿದ್ದ. ಧ್ವನಿಯೇ ಬೇರೆಯಾಗುತ್ತಿತ್ತು.

"ನಾವು ಯಾರೆಂದು ಬಲ್ಲೆಯಾ, ಎಲೌ ಸಿಗಡಿ ಸುಲಿಯುವವಳೇ? ಸಪ್ತ ಸಮುದ್ರದ ಆಚೆ ಕುಳಿತು ನಾವು ಸುಂಕಕ್ಕೊಂದು ಸಹಿ ಹಾಕಿದೆವೆಂದರೆ ನಿನ್ನ ಬೋಗುಣಿ ಬರಿದಾದೀತು!"

ಎದುರು ಪಾತ್ರಕ್ಕೆ ನಾನು. ಹೆಂಗಸರು ತಾಳಮದ್ದಲೆಗೆ ಕೂರುವುದು ಕಡಿಮೆ, ಆದರೆ ಶೆಡ್ಡಿನಲ್ಲಿ ನಮ್ಮನ್ನು ಕೇಳುವವರು ಯಾರು?

"ಹಾಕು ಮಾರಾಯ, ಎಷ್ಟು ಬೇಕಾದ್ರೂ ಹಾಕು. ನಿನ್ನ ಮನೆ ಪಾಯಖಾನೆ ಬಾಗ್ಲ ಚಿಲ್ಕ ಸಮೇತ ಚೀನಾದಿಂದ ಬತ್ತದಂತೆ. ಅದ್ಕೆ ಸುಂಕ ಹಾಕಿದ್ರೆ ಬಾಗ್ಲು ತೆಕ್ಕಂಡೇ ಕೂರ್ಬೇಕು ನೀನು."

ಇಪ್ಪತ್ತು ಹೆಂಗಸರು ನಕ್ಕರೆ ತಗಡಿನ ಮಾಡು ಅಲ್ಲಾಡುತ್ತದೆ. ಅವನು ನಗಬಾರದು, ಅಧ್ಯಕ್ಷ ತಾನೇ. ತುಟಿ ಕಚ್ಚಿಕೊಂಡು, "ಅದು ಬೇರೆ ಇಲಾಖೆ" ಅನ್ನುತ್ತಿದ್ದ.

ಆಟ ಮುಗಿದ ಮೇಲೆ ಟವೆಲು ಕೆಳಗಿಳಿಸಿ ಸರಿಯಾಗಿ ಬಿಡಿಸಿ ಹೇಳುತ್ತಿದ್ದ. ಸುಂಕ ಕೊಡುವವನು ಅಧ್ಯಕ್ಷನೂ ಅಲ್ಲ, ನಾವೂ ಅಲ್ಲ, ಅಲ್ಲಿ ತರಿಸಿಕೊಳ್ಳುವ ವ್ಯಾಪಾರಿ. ಅವನು ತಿನ್ನುವವರ ಮೇಲೆ ಹಾಕುತ್ತಾನೆ, ಆಗದಿದ್ದರೆ ನಮ್ಮ ಸಾವ್ಕಾರ್ರಿಗೆ ಬೆಲೆ ಇಳಿಸು ಅನ್ನುತ್ತಾನೆ. ಸಾವ್ಕಾರ್ರು ಇಳಿಸುವುದಕ್ಕೆ ಉಳಿದದ್ದು ನಾವು. "ಅಲ್ಲಿ ಎರಡು ಪಾರ್ಟಿ ಇತ್ತು ಅಕ್ಕ. ಒಂದು ನಗ್ತಾ ಬೆಲೆ ಏರಿಸ್ತದೆ, ಒಂದು ಬೈತಾ ಬೆಲೆ ಏರಿಸ್ತದೆ. ಜನ ನಾಲ್ಕು ವರ್ಷ ನಗುವವನನ್ನ ನೋಡಿ ಬೇಜಾರಾಗಿ ಬೈಯುವವನನ್ನ ತರ್ತ್ರು." ಇದು ಅವನ ಅಮೆರಿಕದ ಪೂರ್ತಿ ಚರಿತ್ರೆ. ಟೀವಿಯಲ್ಲಿ ಕೋಟು ಹಾಕಿ ಕೂತವರು ಒಂದು ತಾಸು ಹೇಳಿದ್ದರಲ್ಲಿ ನನಗೆ ಇದಕ್ಕಿಂತ ಹೆಚ್ಚು ಸಿಕ್ಕಿಲ್ಲ.

ಫೋನಿನ ವಿಷಯಕ್ಕೆ ಬಂದರೆ ಅವನಿಗೆ ನಗು ಇರಲಿಲ್ಲ. ನಾಗಮ್ಮನ ಫೋನು ಒಮ್ಮೆ ಬರ್ಫದ ನೀರಿಗೆ ಬಿತ್ತು. ಯಾರೋ ಹೇಳಿದರೆಂದು ಅವಳು ಅದನ್ನು ಎರಡು ದಿನ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು ತಂದಳು. "ಅಕ್ಕಿ ಇರೂದು ಅನ್ನ ಮಾಡುಕೆ. ಫೋನಿನ ಹೊಟ್ಟೆಯೊಳಗೆ ಎರಡು ಕಾಳು ಹೊಕ್ಕಿದೆ ನೋಡು. ಗಂಜಿ ಮಾಡಿ ಕೊಡ್ಲಾ?" ಎಂದು ಬೈದು, ಬಿಚ್ಚಿ, ಬ್ರಷ್ಷಿನಲ್ಲಿ ತಿಕ್ಕಿ ಸರಿಮಾಡಿಕೊಟ್ಟ. ಹೊಸ ಫೋನು ಬಂತೆಂದು ಪೇಪರಿನ ಮುಖಪುಟ ತುಂಬ ಜಾಹೀರಾತು ಬಂದರೆ ಉರಿದು ಬೀಳುತ್ತಿದ್ದ. "ಹೋದ ವರ್ಷದ್ದೇ. ಹಿಂದೆ ಒಂದು ಕಣ್ಣು ಜಾಸ್ತಿ. ಇರೂದು ಒಂದೇ ಮೂತಿ, ಅದ್ರ ಪಟ ತೆಗೀಲಿಕ್ಕೆ ಮೂರು ಕಣ್ಣು."

ಕಂಪನಿಯವರು ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿ ಬೆನ್ನು ಮುಚ್ಚಲು ತೊಡಗಿದ ಮೇಲೆ ಅವನ ಉದ್ದ ಉಗುರು ಕೆಲಸಕ್ಕೆ ಬಾರದಾಯಿತು. ಬಿಚ್ಚಲು ಹೋದರೆ ಗಾಜು ಒಡೆಯುತ್ತದೆ, ಒಡೆದರೆ ಇವನ ತಲೆಗೆ. "ಬಿಚ್ಚಿ ನೋಡುಕೆ ಬರದ ಸಾಮಾನು ನಿಂದಲ್ಲ ಅಕ್ಕ. ಅದು ಇನ್ನೂ ಕಂಪನಿದೇ, ನೀ ಹೊತ್ಕಂಡು ತಿರುಗುದು ಅಷ್ಟೇ" ಅನ್ನುತ್ತಿದ್ದ. ಅವನ ಅಂಗಡಿಗೆ ಜನ ಬರುವುದು ಕಡಿಮೆಯಾದದ್ದು ಆಗಲೇ. ಮತ್ತೊಂದು ಮಾತು ನಮಗೆಲ್ಲ ದಿನಾ ಹೇಳುತ್ತಿದ್ದ. ಫೋನಿನ ಎದುರು ಮನೆಯ ವಿಷಯ ಆಡಬೇಡಿ, ಮುಖ ಕೊಡಬೇಡಿ, ಒಮ್ಮೆ ಅದರೊಳಗೆ ಹೋದದ್ದು ಹೊರಗೆ ತೆಗೆಯಲು ದೇವರಿಗೂ ಆಗುವುದಿಲ್ಲ. ನಾವು ನಂಬಿದೆವು. ನಂಬಿ ಎಲ್ಲರ ಫೋನಿನ ಬಗ್ಗೆ ಹೆದರಿದೆವು, ಅವನದ್ದೊಂದು ಬಿಟ್ಟು.

ಉಪಕಾರವನ್ನೂ ಹೇಳಬೇಕು. ನಾನು ತವರೂರು ಬೆಳಕೆಯ ಶಾಲೆಯಲ್ಲಿ ಮೂರನೇ ಇಯತ್ತೆಗೆ ಬಿಟ್ಟವಳು. ಆಮೇಲೆ ಅಕ್ಷರ ಬೇಕಾದದ್ದು ಬಸ್ಸಿನ ಬೋರ್ಡು ನೋಡಲು ಮಾತ್ರ. ಇವನು ಪೇಪರಿನ ದೊಡ್ಡ ಅಕ್ಷರವನ್ನು ನನ್ನ ಮುಖದ ಎದುರು ಹಿಡಿದು, "ಓದು. ನಾ ಹೇಳುದನ್ನೇ ನಂಬ್ತಾ ಕೂತ್ರೆ ಒಂದು ದಿನ ನಿಂಗೆ ಟೋಪಿ ಹಾಕ್ತೆ" ಅನ್ನುತ್ತಿದ್ದ. ಎರಡು ಮಳೆಗಾಲ ಹೀಗೆ ಓದಿಸಿದ. ಈಗ ನಾನು ಪೇಪರನ್ನು ತುದಿಯಿಂದ ತುದಿಯವರೆಗೆ ಓದುತ್ತೇನೆ. ಆಮೇಲೆ ಅವನು ನನಗೆ ಮಾಡಿದ್ದನ್ನು ಬೇರೆ ಯಾರಾದರೂ ಮಾಡಿದ್ದರೆ ನಾಲ್ಕು ಬೈದು ಮರೆಯುತ್ತಿದ್ದೆ. ಇವನದ್ದು ಮರೆಯಲಾಗದಿರುವುದು ಈ ಓದಿಸಿದ್ದರಿಂದ.

ಸುಂಕ ಅಂತ ಆಟದಲ್ಲಿ ಆಡಿದ್ದು ಒಂದು ದಿನ ನಿಜವಾಗಿಯೇ ಬಂತು. ಪೇಪರಿನಲ್ಲಿ ನಾನೇ ಓದಿದೆ. ವಾರದೊಳಗೆ ಶೆಡ್ಡಿಗೆ ಬರುವ ಸಿಗಡಿ ಅರ್ಧವಾಯಿತು. ಸಾವ್ಕಾರ್ರು ಬಾಗಿಲಲ್ಲಿ ನಿಂತು, ಬರುವ ತಿಂಗಳಿಂದ ಎಲ್ಲರನ್ನೂ ಇಟ್ಟುಕೊಳ್ಳಲು ಆಗುವುದಿಲ್ಲ, ಯಾರನ್ನು ಬಿಡುವುದೆಂದು ಆಮೇಲೆ ಹೇಳುತ್ತೇನೆ ಎಂದರು. ಆ ದಿನದಿಂದ ಹೆಂಗಸರು ಒಬ್ಬರ ಕೈಯನ್ನು ಒಬ್ಬರು ನೋಡತೊಡಗಿದರು, ಯಾರದು ನಿಧಾನ ಎಂದು. ನನ್ನ ಕೈ ನಿಧಾನವಾಗಿರಲಿಲ್ಲ. ಎಪ್ಪತ್ತು ಸಮೀಪಿಸಿದರೂ ನಾಗಮ್ಮನ ಒಂದು ಬೋಗುಣಿಗೆ ನನ್ನದು ಒಂದೂಕಾಲು. ಮಗ ಸಮುದ್ರದಲ್ಲಿ ಹೋದ ಮೇಲೆ ನಮ್ಮ ಮನೆಯ ಒಲೆ ಉರಿದದ್ದು ಆ ಶೆಡ್ಡಿನಿಂದ. ನನಗೆ ಆ ಜಾಗ ಬೇಕಿತ್ತು. ಇದನ್ನು ಅವನಿಗೂ ಹೇಳಿದ್ದೆ.

ಆ ವಾರದಲ್ಲೇ ಒಂದು ಬೆಳಿಗ್ಗೆ ಅವನು ಕ್ರೇಟಿನ ಮೇಲೆ ಕೂತು ಟವೆಲು ಎಳೆದುಕೊಂಡ. ಹೆದರಿದವರಿಗೆ ನಗಬೇಕು ಅನಿಸುತ್ತದೆ, ಎಲ್ಲರೂ ಮುಂದೆ ಸರಿದು ಕೂತರು.

"ನಿಮ್ಮ ಸಿಗಡಿ ಶುದ್ಧವಲ್ಲ! ಆದ್ದರಿಂದಲೇ ನಾವು ಸುಂಕ ವಿಧಿಸಿದೆವು!" ಎಂದ ಅಧ್ಯಕ್ಷ.

ನಾನು ಸುಲಿಯುವುದನ್ನು ನಿಲ್ಲಿಸದೆ ಹೇಳಿದೆ: "ಈಗ ಗೊತ್ತಾತಾ ನಿಂಗೆ? ನಮ್ಮ ಸಾವ್ಕಾರ್ರು ಎರಡು ತಾಸು ಮದ್ದಿನ ನೀರಲ್ಲಿ ನೆನೆಸಿ, ಉಬ್ಬಿಸಿ, ತೂಕ ಏರಿಸಿ ಕಳಿಸುದು ನಿನ್ನ ಹೊಟ್ಟೆಗೇ. ಇಷ್ಟು ವರ್ಷ ನಮ್ಮ ಶರಾವತಿ ನೀರು ತಿಂದು ಕೈ ನೆಕ್ಕಿದೆ. ಈಗ ಆ ನೀರಿಗೇ ಸುಂಕ ಹಾಕ್ತೆ ಅಂತೆ. ನಿನ್ನಂಥ ದಡ್ಡನ್ನ ಅಧ್ಯಕ್ಷ ಮಾಡಿದ್ಯಾರು ಮಾರಾಯ?"

ಶೆಡ್ಡು ಒಡೆದುಹೋಗುವಷ್ಟು ನಗು. ಅಧ್ಯಕ್ಷನಿಗೂ ತಡೆಯಲಾಗಲಿಲ್ಲ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅವನ ಅಂಗಿಯ ಕಿಸೆಯಿಂದ ಫೋನು ಎರಡು ಬೆರಳು ಮೇಲೆ ನಿಂತಿತ್ತು. ದಿನಾ ನಿಲ್ಲುತ್ತಿತ್ತು.

ಹದಿನೈದು ದಿನ ಕಳೆದು ಕಣ್ಣು ತೋರಿಸಲು ಕುಮಟೆಗೆ ಹೋದೆ. ಬಸ್ಸಿನಲ್ಲಿ ಪಕ್ಕದಲ್ಲಿ ಹೊಳನಗದ್ದೆಗೆ ಹೋಗುವ ಒಬ್ಬಳು ಹುಡುಗಿ ಕೂತಿದ್ದಳು. ಫೋನು ನೋಡುತ್ತಾಳೆ, ನನ್ನ ಮುಖ ನೋಡುತ್ತಾಳೆ, ಮತ್ತೆ ಫೋನು ನೋಡುತ್ತಾಳೆ.

"ಅಜ್ಜಿ, ಇದು ನೀವೇ ಅಲ್ದಾ?"

ನಾನೇ. ಬೋಗುಣಿ ಎದುರಿಟ್ಟುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಾವ್ಕಾರ್ರು ಎರಡು ತಾಸು ನೆನೆಸುತ್ತಾರೆ ಎಂದು ಊರಿಗೆಲ್ಲ ಸಾರುತ್ತಿದ್ದೆ. ಕೆಳಗೆ ಬರೆದಿತ್ತು: ಅಮೆರಿಕಕ್ಕೆ ಅಜ್ಜಿಯ ಸವಾಲು. ಮೂಲೆಯಲ್ಲಿ ನನಗೆ ಗೊತ್ತೇ ಇಲ್ಲದ ಅವನ ಚಾನೆಲು, ಅದಕ್ಕೆ ಅವನದೇ ಪಟ, ಹೊಸ ಕನ್ನಡಕ ಹಾಕಿಕೊಂಡದ್ದು.

"ಸಖತ್ತಾಗಿ ಹೇಳಿದ್ರಿ ಅಜ್ಜಿ" ಎಂದಳು ಹುಡುಗಿ. ಅವಳಿಗೆ ಸಂತೋಷವಾಗಿತ್ತು.

ಮರುದಿನ ಶೆಡ್ಡಿನ ಬಾಗಿಲಲ್ಲೇ ಸಾವ್ಕಾರ್ರು ನಿಂತಿದ್ದರು.

"ಈ ವಯಸ್ಸಲ್ಲಿ ಸಿನೆಮಾ ಮಾಡುಕೆ ಹೊರಟ್ಯಾ?"

"ಅದು ಆಟ ಸಾವ್ಕಾರ್ರೆ, ತಾಳಮದ್ದಲೆ ಮಾಡಿದಾಂಗೆ. ಅವನು ಅಮೆರಿಕ, ನಾ ಎದುರು. ಬೇಕಾದ್ರೆ ಇವ್ರನ್ನ ಕೇಳಿ."

ಸಾವ್ಕಾರ್ರು ಒಳಗೆ ನೋಡಿದರು. ಹೆಂಗಸರೆಲ್ಲ ಬೋಗುಣಿಯೊಳಗೆ ತಲೆ ಹಾಕಿದ್ದರು. ನಾಗಮ್ಮ ಸಿಗಡಿಯನ್ನು ಆ ದಿನ ಸುಲಿದಷ್ಟು ನೇಮನಿಷ್ಠೆಯಿಂದ ಯಾವತ್ತೂ ಸುಲಿದಿಲ್ಲ. ಹಾಗಾದರೆ ಅವನನ್ನೇ ಕರೆಸಿ ಎಂದೆ. ಎದುರು ಓಣಿಯಿಂದ ಬಂದ. ಹೊಸ ಕನ್ನಡಕವನ್ನು ಅಂಗಿಯ ತುದಿಗೆ ಒರೆಸುತ್ತ ನಿಂತ.

"ಹೇಳು ಮಾರಾಯ. ಆಟ ಅಂತ ಹೇಳು. ಮೊದ್ಲು ನೀ ಎಂತ ಹೇಳಿದೆ, ಆಮೇಲೆ ನಾ ಎಂತ ಹೇಳಿದೆ, ಎಲ್ಲಾ ಹೇಳು."

ಅವನು ನನ್ನ ಕಡೆ ನೋಡಲಿಲ್ಲ. "ಅದು ಅವ್ರ ಅಭಿಪ್ರಾಯ ಸಾವ್ಕಾರ್ರೆ. ನಾ ಎಂತದೂ ಹೇಳ್ಲಿಲ್ಲ. ವಿಡಿಯೋದಲ್ಲಿ ನೋಡಿ, ನನ್ನ ಸ್ವರ ಎಲ್ಲಾದ್ರೂ ಇತ್ತಾ?"

ಇರಲಿಲ್ಲ. ಎರಡು ಸಲ ಹಾಕಿ ನೋಡಿದರು. ನಾನೊಬ್ಬಳೇ ಗೋಡೆಗೆ ಬೈಯುತ್ತ ಕೂತ ಹಾಗಿತ್ತು.

"ಪೂರ್ತಿದ್ದು ತೋರ್ಸು."

"ಅಷ್ಟೇ ಇದ್ದದ್ದು ಅಕ್ಕ. ಉಳಿದದ್ದು ಇಲ್ಲ."

ಅವನ ಅಂಗಡಿಯ ಕೋಣೆ ಸಾವ್ಕಾರ್ರದ್ದು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವನು ಒಂದು ಮಾತು ಹೇಳುತ್ತಾನೆ ಎಂದುಕೊಂಡಿದ್ದೆ. ಹೆದರುವುದು ಬೇರೆ, ಎಲ್ಲರೂ ಹೆದರುತ್ತಾರೆ. ಆದರೆ ಒಂದೇ ಚಾಪೆಯ ಮೇಲೆ ಪಾತ್ರ ಹಂಚಿಕೊಂಡು ಕೂತವನು, ತಾನು ಅಲ್ಲಿ ಇರಲೇ ಇಲ್ಲ ಅನ್ನುವುದನ್ನು ನಮ್ಮ ಊರಲ್ಲಿ ನಾನು ಕಂಡಿರಲಿಲ್ಲ. ಯಾರನ್ನು ಬಿಡಬೇಕೆಂದು ಸಾವ್ಕಾರ್ರಿಗೆ ಹುಡುಕುವ ಕೆಲಸ ಉಳಿಯಲಿಲ್ಲ. ಆಮೇಲೆ ಇನ್ನೂ ಹಲವರನ್ನು ಬಿಟ್ಟರು. ಉಳಿದವರು ಆರು ಜನ, ಅದರಲ್ಲಿ ನಾಗಮ್ಮ ಒಬ್ಬಳು.

ನಾಲ್ಕು ದಿನ ಬಿಟ್ಟು ಅವನು ನಮ್ಮ ಮನೆಯ ಅಂಗಳಕ್ಕೆ ಬಂದ. ಕೂರು ಎಂದು ನಾನು ಹೇಳಲಿಲ್ಲ.

"ಅಕ್ಕ, ಎಷ್ಟು ಜನ ನೋಡಿದ್ರು ಗೊತ್ತಿತ್ತಾ? ಮಂಗಳೂರು, ದುಬೈ, ಎಲ್ಲಾ ಕಡೆ. ಇಷ್ಟು ವರ್ಷ ನಾ ಒಬ್ನೇ ಕೂತು ಅಮೆರಿಕದ ಬಗ್ಗೆ, ಫೋನಿನ ಬಗ್ಗೆ ಹೇಳ್ದೆ, ಒಂದು ನಾಯಿ ತಿರುಗಿ ನೋಡ್ಲಿಲ್ಲ. ನಿನ್ನ ಮಾತಿಗೆ ಬೆಲೆ ಬಂತು."

"ನನ್ನ ಕೆಲ್ಸ ಹೋತು."

"ಅದು ಸುಂಕದಿಂದ ಹೋದದ್ದು ಅಕ್ಕ. ಹೇಗೂ ಹೋಗುದೇ ಇತ್ತು. ಅಮೆರಿಕ ಮಾಡಿದ್ದಕ್ಕೆ ನನ್ನ ಬೈದ್ರೆ?"

ಅಮೆರಿಕದ ಮೇಲೆ ಹಾಕಿದ! ನಾನು ಅಮೆರಿಕಕ್ಕೆ ಆ ಹೊತ್ತಿನವರೆಗೆ ಎಷ್ಟೇ ಬೈದಿದ್ದರೂ ಆ ಒಂದು ದಿನ ಮಾತ್ರ ಅದರ ಪರವಾಗಿ ಮಾತಾಡಿದೆ. "ಅಮೆರಿಕದವ ಸಹಿ ಹಾಕಿ ಅದ್ರ ಕೆಳಗೆ ತನ್ನ ಹೆಸರು ಬರೆದ. ನೀ ನಿನ್ನ ಸ್ವರ ಸಹ ಇಡ್ಲಿಲ್ಲ. ಹೋಗು" ಎಂದೆ. ಹೋದ. ಆಮೇಲೆ ನಾನು ಅವನನ್ನು ಮಾತಾಡಿಸಲಿಲ್ಲ. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಲು ತೊಡಗಿದೆ. ಇಪ್ಪತ್ತರಲ್ಲಿ ಮಾಡಿದ ಕೆಲಸ, ಈಗ ಮೊಣಕಾಲು ಕೇಳುವುದಿಲ್ಲ. ಅವನ ಓಣಿಗೆ ಮಾತ್ರ ಹೋಗುತ್ತಿರಲಿಲ್ಲ, ಸುತ್ತು ಹಾಕಿ ಬರುತ್ತಿದ್ದೆ.

ಈ ಮಳೆಗಾಲದ ಮೊದಲಿಗೆ ಅಂಗಡಿಯಲ್ಲಿ ಕೂತಲ್ಲೇ ಸತ್ತ. ಯಾರದೋ ಫೋನು ಬಿಚ್ಚಿ ಎದುರಿಗಿತ್ತಂತೆ. ಮುಖ ನೋಡಲು ನಾನು ಹೋಗಲಿಲ್ಲ. ಹನ್ನೆರಡನೇ ದಿನದ ಊಟ ಕಳೆದ ಮೇಲೆ ಅವನ ಹೆಂಡತಿ ಹೇಳಿಕಳಿಸಿದಳು, ಒಮ್ಮೆ ಬಂದು ಹೋಗಿ ಎಂದು. ಕರ್ಕಿಯ ಮನೆಯ ಜಗುಲಿಯಲ್ಲಿ ನನ್ನನ್ನು ಕೂರಿಸಿ ಅವನ ಫೋನನ್ನು ಕೈಗಿಟ್ಟಳು.

"ಇದ್ರೊಳಗೆ ನೀವಿದ್ರಿ ಅಕ್ಕ. ಪೂರ್ತಿ ಇತ್ತು. ನಂಗೆ ಮೊನ್ನೆ ಗೊತ್ತಾತು."

ಇಲ್ಲ ಎಂದದ್ದು ಇತ್ತು. ಟವೆಲು ಎಳೆದುಕೊಂಡ ಸದ್ದಿನಿಂದ ಹಿಡಿದು ಇತ್ತು. ನಿಮ್ಮ ಸಿಗಡಿ ಶುದ್ಧವಲ್ಲ ಎಂಬ ಅವನ ಸ್ವರ, ಆಮೇಲೆ ನನ್ನದು, ಆಮೇಲೆ ನಗು. ಒಂದು ವರ್ಷ ಅದನ್ನು ಕಿಸೆಯಲ್ಲಿಟ್ಟುಕೊಂಡೇ ತಿರುಗಿದ. ನಾನು ಬುಟ್ಟಿ ಹೊತ್ತು ಸುತ್ತು ಹಾಕಿ ಹೋಗುವುದನ್ನು ಅಂಗಡಿಯಿಂದ ನೋಡಿಯೂ ಇರಬೇಕು.

"ಇದನ್ನ ಸಾವ್ಕಾರ್ರಿಗೆ ತೋರ್ಸಿ" ಎಂದಳು ಅವನ ಹೆಂಡತಿ. "ಆಟ ಅಂತ ಅವ್ರಿಗೂ ತಿಳೀಲಿ. ನಿಮ್ಮ ಜಾಗ ನಿಮಗೆ ಸಿಕ್ಲಿ. ಜನ ಇವ್ರಿಗೆ ಎಂತ ಬೇಕಾದ್ರೂ ಅನ್ಲಿ, ನಾ ಕೇಳ್ಕಂಬೆ."

ಕೊನೆಯವರೆಗೆ ನೋಡುವ ಎಂದೆ. ನಗು ನಿಂತ ಮೇಲೆ ಇನ್ನೂ ಇತ್ತು. "ಮದ್ದಿನ ನೀರಿಗೆ ನನ್ನ ಬೆರಳು ಸುಟ್ಟದ್ದನ್ನೂ ಹೇಳೇ ಅಧ್ಯಕ್ಷಂಗೆ!" ಅದು ನಾಗಮ್ಮ, ಮುಖವೂ ಕಾಣುತ್ತದೆ. "ತೂಕದ ಹೊತ್ತಿಗೆ ಬರ್ಫದ ಚೂರು ಸೇರ್ಸುದು ಮರ್ತ್ಯಾ?" ಅದು ಅವಳ ಹಿಂದೆ ಕೂತವಳು. ಒಬ್ಬರಾದ ಮೇಲೆ ಒಬ್ಬರು, ನನ್ನ ಬಾಯಿಂದ ಬಂದದ್ದಕ್ಕಿಂತ ದುಪ್ಪಟ್ಟು ಹೇಳಿದ್ದರು. ಆ ನಗುವಿನಲ್ಲಿ ನನಗೆ ಆ ದಿನ ಕೇಳಿಸಿಯೇ ಇರಲಿಲ್ಲ.

ಮತ್ತೊಮ್ಮೆ ಹಾಕಲು ಹೇಳಿ ಸ್ವರ ಎಣಿಸಿದೆ. ಶೆಡ್ಡಿನಲ್ಲಿ ಈಗ ಉಳಿದ ಆರು ಜನರಲ್ಲಿ ನಾಲ್ಕು ಜನ ಇದರಲ್ಲಿದ್ದರು. ಸಾವ್ಕಾರ್ರು ಇದನ್ನು ನೋಡಿದರೆ ನಾನು ಒಳಗೆ ಹೋಗುವ ಬಾಗಿಲಲ್ಲೇ ಆ ನಾಲ್ವರು ಹೊರಗೆ ಬರುತ್ತಾರೆ. ನನಗಾಗಿ ಬಾಯಿ ಬಿಡದಿದ್ದವರು ಅವರು. ಅದನ್ನೂ ಯೋಚಿಸಿದೆ. ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವರ ಮನೆಗಳಲ್ಲೂ ಒಲೆ ಉರಿಯುವುದು ಅದೇ ಶೆಡ್ಡಿನಿಂದ.

"ಅಳಿಸುದು ಎಲ್ಲಿ ತೋರ್ಸು" ಎಂದೆ.

ಅವನ ಹೆಂಡತಿ ನನ್ನ ಮುಖ ನೋಡಿದಳು. ಅವಳೂ ಆ ಸ್ವರಗಳನ್ನು ಕೇಳಿದ್ದಳು, ಅವಳಿಗೂ ಹೊಳೆದಿತ್ತು. "ಅಂದ್ರೆ... ಇವ್ರು ಆ ಹೆಂಗಸ್ರನ್ನ ಉಳಿಸುಕೇ ಕತ್ತರಿಸಿದ್ದಾ ಅಕ್ಕ?"

ಹೌದು ಎಂದಿದ್ದರೆ ಅವಳಿಗೆ ಉಳಿದ ಜನ್ಮಕ್ಕೆ ಅಷ್ಟು ಸಾಕಾಗುತ್ತಿತ್ತು. ನನಗೆ ಅದು ಬಾಯಿಗೆ ಬರಲಿಲ್ಲ.

"ಮೊದ್ಲು ತನ್ನ ಸ್ವರ ಕತ್ತರಿಸಿದ. ಅವ್ರದ್ದು ಅದ್ರ ಸಂಗಡವೇ ಹೋತು. ನೀ ಅಳಬೇಡ. ಎಲ್ಲಿ ಒತ್ತುದು ಹೇಳು."

ಒತ್ತಿದೆ. ಅವಳು ಚಹಾ ಮಾಡಿದಳು, ಕುಡಿದೆ. ಅವನ ಬಗ್ಗೆ ನಾನು ಒಂದು ಒಳ್ಳೆಯ ಮಾತು ಹೇಳಿ ಹೋಗುತ್ತೇನೇನೋ ಎಂದು ಅವಳು ಅಂಗಳದ ತುದಿಯವರೆಗೆ ಬಂದಳು. ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಹೊಳೆಬದಿಯ ರಸ್ತೆಯಲ್ಲಿ ಶೆಡ್ಡಿಗೆ ಹೋಗುತ್ತಿದ್ದ ನಾಗಮ್ಮ ಎದುರಿಗೆ ಸಿಕ್ಕಿದಳು. ಒಂದು ವರ್ಷದಿಂದ ತಪ್ಪಿಸಿಕೊಂಡು ಹೋಗುತ್ತಿದ್ದವಳಿಗೆ ಆ ದಿನ ದಾರಿ ಇಕ್ಕಟ್ಟಾಗಿತ್ತು. ನಿಂತಳು. ಕಣ್ಣು ನನ್ನ ಕಾಲಿನ ಮೇಲೆ.

"ಹೇಗಿದ್ರಿ ಅಕ್ಕ?"

ನಾನು ಬುಟ್ಟಿ ಇಳಿಸಿದೆ. "ಬಂಗಡೆ ಇತ್ತು, ಈಗ ದೋಣಿಯಿಂದ ಇಳಿದದ್ದು. ಬೇಕಾದ್ರೆ ತಕ್ಕೋ. ಬೇಡದಿದ್ರೆ ದಾರಿ ಬಿಡು."